ಏಕರೂಪದ ಪರೀಕ್ಷೆಯೂ ಗಡಿಯ ಮಗುವಿನ ಮನೆಮಾತೂ

ಮಗು ಏನನ್ನು ಕಲಿತಿದೆಯೆಂಬುದನ್ನು ತಿಳಿಯಲು ಪರೀಕ್ಷೆಯೊಂದು ಸಾಧನ. ಆದರೆ ಪ್ರಶ್ನೆಯ ಭಾಷೆಯೂ ಮಗುವಿನ ಮನೆಮಾತೂ ಬೇರೆಯಾದಲ್ಲಿ ಅದು ಅಳೆಯುವುದು ವಿಷಯಜ್ಞಾನವನ್ನೋ ಭಾಷಾಜ್ಞಾನವನ್ನೋ ಎಂಬುದು ವಿಚಾರಾರ್ಹ. ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳಲ್ಲಿ ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ಮರಾಠಿ ಓದುವ ಮಕ್ಕಳ ಉಪಾಧ್ಯಾಯರಿಗೆ ಇದು ನಿತ್ಯದ ಪ್ರಶ್ನೆಯಾಗಿದೆ.

ಈ ಮೂರೂ ತಾಲೂಕುಗಳು ಹಿಂದೆ ಹೈದರಾಬಾದ ಸಂಸ್ಥಾನದವು. 1948ರವರೆಗೆ ನಿಜಾಮರ ಆಳಿಕೆಯಲ್ಲಿ ಮೇಲಿನ ಇಯತ್ತೆಗಳ ಭಾಷೆ ಉರ್ದುವಾಗಿತ್ತು. 1956ರ ನವೆಂಬರ 1ರಂದು ಬೀದರ ಜಿಲ್ಲೆಯಿಂದ ಬೇರ್ಪಟ್ಟ ನಿಲಂಗಾ, ಉದಗೀರಗಳೂ ಉಸ್ಮಾನಾಬಾದ ಜಿಲ್ಲೆಯ ಉಮರ್ಗಾವೂ ಮುಂಬಯಿ ರಾಜ್ಯವನ್ನು ಸೇರಿ, 1960ರಲ್ಲಿ ಮಹಾರಾಷ್ಟ್ರದ ಭಾಗಗಳಾದವು. ಪರೀಕ್ಷೆಯ ಭಾಷೆ ಬದಲಾಯಿತು. ಗಡಿಯ ಅನೇಕ ಮನೆಗಳ ಮಾತು ಬದಲಾಗಲಿಲ್ಲ.

ಈಚೆಗೆ ಪರೀಕ್ಷೆಗಳ ಸಂಖ್ಯೆಯೂ ತೂಕವೂ ಹೆಚ್ಚಿವೆ. 2023-24ರಲ್ಲಿ ಮಹಾರಾಷ್ಟ್ರವು 3ರಿಂದ 8ನೆಯ ಇಯತ್ತೆಯವರೆಗೆ ಪ್ರಥಮ ಭಾಷೆ, ಗಣಿತ, ಇಂಗ್ಲಿಷ್ ವಿಷಯಗಳಲ್ಲಿ ರಾಜ್ಯಕ್ಕೆಲ್ಲ ಒಂದೇ ಬಗೆಯ ನಿಯತಕಾಲಿಕ ಚಾಚಣಿಗಳನ್ನು ಗೊತ್ತುಪಡಿಸಿತು. ಶಿಕ್ಷಣ ಹಕ್ಕಿನ ಕಾಯದೆಗೆ 2019ರಲ್ಲಾದ ತಿದ್ದುಪಡಿಯನ್ನನುಸರಿಸಿ, 2023ರಲ್ಲಿ 5 ಮತ್ತು 8ನೆಯ ಇಯತ್ತೆಗಳ ವಾರ್ಷಿಕ ಪರೀಕ್ಷೆಯೂ ಮರಳಿತು. ಮರುಪರೀಕ್ಷೆಯಲ್ಲಿಯೂ ತೇರ್ಗಡೆಯಾಗದ ಮಗು ಅದೇ ಇಯತ್ತೆಯಲ್ಲಿ ಉಳಿಯಬೇಕಾಗುತ್ತದೆ.

ತೊಡಕು ಎಲ್ಲಿದೆಯೆಂಬುದನ್ನು ಉದಾಹರಣೆಯಿಂದ ನೋಡೋಣ. ಕನ್ನಡದಲ್ಲಿ ‘ಇಪ್ಪತ್ತೈದು’ ಎನ್ನುವಾಗ ಹತ್ತರ ಸ್ಥಾನ ಮೊದಲು, ಬಿಡಿಯ ಸ್ಥಾನ ಅನಂತರ. ಮರಾಠಿಯ ‘ಪಂಚವೀಸ’ದಲ್ಲಿ ಐದು ಮೊದಲು, ಇಪ್ಪತ್ತು ಅನಂತರ. ಕಿವಿಗೆ ಬಿದ್ದ ಕ್ರಮದಲ್ಲಿಯೇ ಬರೆದ ಮಗು 52 ಎಂದು ಬರೆದೀತು. ‘ಏಕೋಣತೀಸ’ವೆಂದರೆ ಮೂವತ್ತಕ್ಕೆ ಒಂದು ಕಡಿಮೆ, ಅಂದರೆ 29, ‘ಇಪ್ಪತ್ತೊಂಬತ್ತು’ ಎಂದು ಎಣಿಸುವ ಮಗುವಿಗೆ ಅದರಲ್ಲಿ ಇಪ್ಪತ್ತೂ ಕೇಳಿಸದು, ಒಂಬತ್ತೂ ಕೇಳಿಸದು. ಲಿಂಗವಿಚಾರವೂ ಹೀಗೆಯೇ. ನಮಗೆ ಪುಸ್ತಕವೂ ವಹಿಯೂ ನಪುಂಸಕ. ಮರಾಠಿಯಲ್ಲಿ ಪುಸ್ತಕ ನಪುಂಸಕ, ವಹಿ ಸ್ತ್ರೀಲಿಂಗ. ‘ಅನುಮಾನ’ವೆಂದರೆ ನಮ್ಮ ಮಗುವಿಗೆ ಸಂಶಯ, ಮರಾಠಿ ಪ್ರಶ್ನೆಯಲ್ಲಿ ಅದು ತರ್ಕದಿಂದ ಪಡೆದ ನಿರ್ಣಯ.

ಇಂತಹ ತಪ್ಪುಗಳು ಅಂಕಪಟ್ಟಿಯಲ್ಲಿ ‘ಗಣಿತದಲ್ಲಿ ಹಿಂದು’ ಎಂದೇ ದಾಖಲಾಗುತ್ತವೆ. ಮಗು ದಡ್ಡನೆನಿಸುತ್ತದೆ, ಶಾಲೆ ಹಿಂದುಳಿದುದೆನಿಸುತ್ತದೆ. ಮುಂದಿನ ಚಾಚಣಿಗಾಗಿ ಅದೇ ಮಾದರಿಯ ಲೆಕ್ಕಗಳನ್ನೇ ಮತ್ತೆ ಮತ್ತೆ ಮಾಡಿಸುತ್ತೇವೆ. ಮೂಲ ಕಾರಣ ಇದ್ದಲ್ಲಿಯೇ ಇರುತ್ತದೆ.

ಏಕರೂಪದ ಪರೀಕ್ಷೆಯೇ ಬೇಡವೆಂಬುದು ನಮ್ಮ ಅಭಿಪ್ರಾಯವಲ್ಲ. ಅಲಕ್ಷಿತವಾದ ಶಾಲೆಯ ಸ್ಥಿತಿ ಅದರಿಂದ ಬೆಳಕಿಗೆ ಬರಬಹುದು. ರಾಜ್ಯಭಾಷೆಯಾದ ಮರಾಠಿಯನ್ನು ನಮ್ಮ ಮಕ್ಕಳು ಚೆನ್ನಾಗಿ ಕಲಿಯಲೇಬೇಕು. ಆದರೆ ಸಂವಿಧಾನದ 350-ಅ ಪರಿಚ್ಛೇದವು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಕಲ್ಪಿಸಲು ಯತ್ನಿಸಬೇಕೆನ್ನುತ್ತದೆ. ಪುಣೆಯ ಬಾಲಭಾರತಿಯು ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತದೆ. ಮರಾಠಿ ಶಾಲೆಯ ಉಪಾಧ್ಯಾಯರೂ ಅದರ ಗಣಿತ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡರೆ ಉಪಯೋಗವಾದೀತು.

ಉಪಾಧ್ಯಾಯ ಬಂಧುಗಳು ಇಷ್ಟನ್ನು ಮಾಡಬಹುದು. ಚಾಚಣಿಯಲ್ಲಿ ತಪ್ಪಿದ ಲೆಕ್ಕವನ್ನೇ ಮರುದಿನ ಆ ಮಗುವಿಗೆ ಕನ್ನಡದಲ್ಲಿ ಕೇಳಬೇಕು. ಸರಿಯುತ್ತರ ಬಂದರೆ ಕೊರತೆ ಮರಾಠಿಯದು; ಆಗಲೂ ಬಾರದಿದ್ದರೆ ಗಣಿತದ್ದು. ಅಂಕದ ಪಕ್ಕದಲ್ಲಿ ಮಗುವಿನ ಮನೆಮಾತನ್ನೂ ಈ ಎರಡನೆಯ ಉತ್ತರವನ್ನೂ ಬರೆದಿಡಬೇಕು. ಮೂರು ತಾಲೂಕುಗಳಿಂದ ಇಂತಹ ಟಿಪ್ಪಣಿಗಳು ಒಟ್ಟುಗೂಡಿದರೆ, ನಮ್ಮ ಬೇಡಿಕೆಯನ್ನು ಅಧಿಕಾರಿಗಳ ಮುಂದಿಡಲು ಅದಕ್ಕಿಂತ ಬಲವಾದ ಆಧಾರ ಬೇಕಿಲ್ಲ.