ಬ್ರೇಕ್ ಪೆಡಲ್ ಬಿಗಿಯಾದಾಗ: ಕೇಳಿದ್ದೆಷ್ಟು, ನಿಜವೆಷ್ಟು?

ಬಳ್ಳಾರಿಯಿಂದ ಬೆಂಗಳೂರು ರಸ್ತೆ ಹಿಡಿದರೆ ಹಲಕುಂದಿ ಸಿಗುತ್ತದೆ. ಕಾರ್ಖಾನೆಗೆ ಹೋಗಿಬರುವ ಲಾರಿಗಳು, ಟ್ರ್ಯಾಕ್ಟರುಗಳು, ಅವುಗಳ ಸಂದಿಯಲ್ಲಿ ಕಾರುಗಳು. ಮುಂದಿನ ಲಾರಿ ಯಾವ ಗಳಿಗೆಯಲ್ಲಿ ನಿಲ್ಲುತ್ತದೋ ಹೇಳಲಾಗದು. ಇಂಥ ದಾರಿಯಲ್ಲಿ ಬ್ರೇಕ್ ಪೆಡಲ್ ಬಿಗಿಯಾಗಿ ಕೆಳಗಿಳಿಯದಿದ್ದರೆ ಅದು ಜೀವದ ಪ್ರಶ್ನೆ. ಆದರೂ ಆ ಹೊತ್ತಿಗೆ ಸಿಗುವ ಸಲಹೆಗಳಲ್ಲಿ ಹಲವು ತಪ್ಪು ದಾರಿಗೇ ಎಳೆಯುತ್ತವೆ.

ತಪ್ಪು ಕಲ್ಪನೆ 1: ‘ಪೆಡಲ್ ಟೈಟ್ ಇದ್ದರೆ ಬ್ರೇಕ್ ಚೆನ್ನಾಗಿದೆ.’

ಸತ್ಯ: ಬೂಸ್ಟರ್ ಇಲ್ಲದ ಹಳೆಯ ಅಂಬಾಸಿಡರ್ ಓಡಿಸಿದವರಿಗೆ ಬಿಗಿ ಪೆಡಲ್ ರೂಢಿಯಾಗಿತ್ತು. ಇಂದಿನ ಕಾರುಗಳ ಲೆಕ್ಕ ಬೇರೆ. ಪೆಡಲಿಗೂ ಬ್ರೇಕ್ ಆಯಿಲನ್ನು ಒತ್ತುವ ಮಾಸ್ಟರ್ ಸಿಲಿಂಡರಿಗೂ ನಡುವೆ ದುಂಡನೆಯ ಬೂಸ್ಟರ್ ಇರುತ್ತದೆ. ಅದರೊಳಗೆ ರಬ್ಬರಿನ ಡಯಾಫ್ರಾಂ. ಎಂಜಿನ್ ಓಡುತ್ತಿರುವಾಗ ಡಯಾಫ್ರಾಮಿನ ಎರಡೂ ಬದಿಯಲ್ಲಿ ನಿರ್ವಾತ, ಅಂದರೆ ವ್ಯಾಕ್ಯೂಮ್. ಪೆಡಲ್ ಒತ್ತಿದೊಡನೆ ಹಿಂಬದಿಗೆ ಮಾತ್ರ ಹೊರಗಿನ ಗಾಳಿ ನುಗ್ಗಿ ಡಯಾಫ್ರಾಮನ್ನು ಮುಂದಕ್ಕೆ ನೂಕುತ್ತದೆ. ವಾತಾವರಣದ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ. 9 ಇಂಚಿನ ಬೂಸ್ಟರಿನಲ್ಲಿ ನಿರ್ವಾತ ಸರಿಯಾಗಿದ್ದರೆ 250 ಕಿಲೋದಷ್ಟು ನೂಕುಬಲ ಸಿಗಬಲ್ಲದು. ಆ ನೆರವು ತಪ್ಪಿದರೆ ಇಡೀ ಹೊರೆ ಕಾಲಿನ ಮೇಲೆ ಬೀಳುತ್ತದೆ. ಪೆಡಲ್ ಬಿಗಿಯಾಗುತ್ತದೆ, ಕಾರು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ.

ತಪ್ಪು ಕಲ್ಪನೆ 2: ‘ಬ್ರೇಕ್ ಆಯಿಲ್ ಕಮ್ಮಿಯಾಗಿದೆ, ಲೈನಿನಲ್ಲಿ ಏರ್ ಸೇರಿದೆ. ಏರ್ ತೆಗೆಸಿದರೆ ಸರಿಹೋಗುತ್ತದೆ.’

ಸತ್ಯ: ಲೈನಿನಲ್ಲಿ ಗಾಳಿ ಸೇರಿದರೆ ಪೆಡಲ್ ಮೆತ್ತಗಾಗಿ ಕುಸಿಯುತ್ತದೆ, ಬಿಗಿಯಾಗುವುದಿಲ್ಲ. ಗಾಳಿ ಅದುಮಿಕೊಳ್ಳುತ್ತದೆ, ಬ್ರೇಕ್ ಆಯಿಲ್ ಅದುಮಿಕೊಳ್ಳುವುದಿಲ್ಲ ಎಂಬುದೇ ಇದಕ್ಕೆ ಕಾರಣ. ಬಿಗಿ ಪೆಡಲಿಗೆ ಆಯಿಲ್ ತುಂಬಿಸಿ, ಏರ್ ತೆಗೆಸಿ, ಮಾಸ್ಟರ್ ಸಿಲಿಂಡರ್ ಬದಲಿಸಿದವರು ದುಡ್ಡು ಕೊಟ್ಟೂ ಅದೇ ಪೆಡಲನ್ನು ಮನೆಗೆ ತರುತ್ತಾರೆ.

ಮೊದಲು ನೋಡಬೇಕಾದದ್ದು ವ್ಯಾಕ್ಯೂಮ್ ಬರುವ ದಾರಿ. ಸಾಮಾನ್ಯ ಪೆಟ್ರೋಲ್ ಕಾರಿನಲ್ಲಿ ಎಂಜಿನ್ನಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡಿನಿಂದ ಬೂಸ್ಟರಿಗೆ ಒಂದು ಪೈಪು ಬರುತ್ತದೆ. ಬಾನೆಟ್ ಒಳಗಿನ ಕಾವಿಗೆ ಅದು ವರ್ಷಗಳಲ್ಲಿ ಬಿರುಕು ಬಿಡುತ್ತದೆ. ನಮ್ಮ ಬೇಸಿಗೆ ಆ ಕಾವನ್ನು ಇನ್ನಷ್ಟು ಏರಿಸುತ್ತದೆ. ಆ ದಾರಿಯಲ್ಲಿರುವ ಒನ್‌ವೇ ವಾಲ್ವ್ ಕೆಟ್ಟಿರಬಹುದು. ಡೀಸೆಲ್ ಕಾರಿಗೆ ವ್ಯಾಕ್ಯೂಮ್ ಕೊಡುವುದು ಪಂಪು; ಹಲವು ಗಾಡಿಗಳಲ್ಲಿ ಅದು ಆಲ್ಟರ್ನೇಟರಿನ ಬೆನ್ನಿಗೇ ಕೂತಿರುತ್ತದೆ. ಟರ್ಬೊ ಪೆಟ್ರೋಲ್ ಕಾರುಗಳಲ್ಲೂ ಪಂಪು ಇರುವುದುಂಟು. 2023ರ ಏಪ್ರಿಲ್‌ನಲ್ಲಿ ಮಾರುತಿ ಸುಜುಕಿ 7,213 ಬಲೆನೊ ಆರ್‌ಎಸ್ ಕಾರುಗಳನ್ನು ವಾಪಸ್ ಕರೆಸಿದ್ದು ಇದೇ ವ್ಯಾಕ್ಯೂಮ್ ಪಂಪಿನ ದೋಷದ ಶಂಕೆಯಿಂದ. ಪೆಡಲ್ ಒತ್ತಲು ಹೆಚ್ಚು ಬಲ ಬೇಕಾಗಬಹುದು ಎಂದು ಕಂಪನಿಯೇ ತಿಳಿಸಿತ್ತು.

ತಪ್ಪು ಕಲ್ಪನೆ 3: ‘ಲಾರಿಯಂತೆ ಕಾರಿನಲ್ಲೂ ಏರ್ ಹೋದರೆ ಬ್ರೇಕ್ ತಾನೇ ಹಿಡಿದುಕೊಳ್ಳುತ್ತದೆ.’

ಸತ್ಯ: ಅದಿರು ಲಾರಿಗಳ ಜಿಲ್ಲೆಯಲ್ಲಿ ಈ ನಂಬಿಕೆ ಸಹಜ. ಲಾರಿಯ ಕಂಪ್ರೆಸರ್ ಗಾಳಿಯನ್ನು ಒತ್ತಿ ಟ್ಯಾಂಕಿನಲ್ಲಿ ತುಂಬುತ್ತದೆ. ಸ್ಪ್ರಿಂಗ್ ಬ್ರೇಕ್ ಇರುವ ಲಾರಿಯಲ್ಲಿ ಒತ್ತಡ ಇಳಿದರೆ ಸ್ಪ್ರಿಂಗ್ ಚಕ್ರವನ್ನು ಹಿಡಿಯುತ್ತದೆ. ಕಾರಿನ ಬೂಸ್ಟರಿನಲ್ಲಿ ಅಂಥ ರಕ್ಷಣೆ ಇಲ್ಲ. ವ್ಯಾಕ್ಯೂಮ್ ಹೋದರೆ ಕಾರು ತಾನೇ ನಿಲ್ಲುವುದಿಲ್ಲ, ನಿಲ್ಲಿಸುವುದು ಕಷ್ಟವಾಗುತ್ತದೆ.

ತಪ್ಪು ಕಲ್ಪನೆ 4: ‘ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ.’

ಸತ್ಯ: ಸಂಡೂರಿನ ಗುಡ್ಡಗಳಿಂದ ಇಳಿಯುವಾಗ ಹೀಗೆ ಮಾಡುವುದು ಪ್ರಾಣಕ್ಕೇ ಕುತ್ತು. ಎಂಜಿನ್ ನಿಂತ ಮೇಲೆ ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಎರಡು ಮೂರು ಸಲದ ಬ್ರೇಕಿಗೆ ಸಾಲುತ್ತದೆ, ಆಮೇಲೆ ಪೆಡಲ್ ಬಿಗಿ. ಪವರ್ ಸ್ಟೀರಿಂಗಿನ ನೆರವೂ ಹೋಗುತ್ತದೆ. ಇಂಜೆಕ್ಷನ್ ಎಂಜಿನ್ನಿನ ಕಾರು ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ಇಳಿಜಾರಿನಲ್ಲಿ ಇಂಧನ ತಾನಾಗಿಯೇ ನಿಲ್ಲುತ್ತದೆ.

ತಪ್ಪು ಕಲ್ಪನೆ 5: ‘ದಾರಿಯಲ್ಲಿ ಪೆಡಲ್ ಬಿಗಿಯಾದರೆ ಪಂಪ್ ಮಾಡುತ್ತಲೇ ಇರಬೇಕು.’

ಸತ್ಯ: ಪಂಪ್ ಮಾಡುವುದು ಕುಸಿದ ಪೆಡಲಿಗೆ. ಬಿಗಿ ಪೆಡಲನ್ನು ಪಂಪ್ ಮಾಡಿದರೆ ಉಳಿದಿದ್ದ ವ್ಯಾಕ್ಯೂಮೂ ಖರ್ಚಾಗುತ್ತದೆ. ಬೂಸ್ಟರ್ ಕೈಕೊಟ್ಟರೂ ಆಯಿಲಿನ ಒತ್ತಡದಿಂದ ಬ್ರೇಕ್ ಹಿಡಿದೇ ಹಿಡಿಯುತ್ತದೆ. ಬೇಕಾದರೆ ಎರಡೂ ಕಾಲಿಟ್ಟು ಮೈಬಲವೆಲ್ಲ ಹಾಕಿ ಒಂದೇ ಸಮನೆ ಒತ್ತಿ ಹಿಡಿಯಿರಿ. ಗೇರ್ ಇಳಿಸಿ, ಹ್ಯಾಂಡ್ ಬ್ರೇಕನ್ನು ನಿಧಾನವಾಗಿ ಎಳೆಯಿರಿ.

ತಪ್ಪು ಕಲ್ಪನೆ 6: ‘ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುನ್ನ ಪೆಡಲ್ ಬಿಗಿಯಿದ್ದರೆ ಬೂಸ್ಟರ್ ಹೋಗಿದೆ.’

ಸತ್ಯ: ನಿಂತ ಕಾರಿನಲ್ಲಿ ಪೆಡಲನ್ನು ಕೆಲವು ಸಲ ಒತ್ತಿದ್ದರೆ, ಇಲ್ಲವೇ ಹಲವು ಗಂಟೆಗಳಲ್ಲಿ ವ್ಯಾಕ್ಯೂಮ್ ಸೋರಿಹೋಗಿದ್ದರೆ ಬಿಗಿ ಸಹಜ. ಎಂಜಿನ್ ಶುರುವಾದ ಮೇಲೂ ಬಿಗಿಯಾಗಿಯೇ ಉಳಿದರೆ ಮಾತ್ರ ದೋಷ.

ಮನೆಯ ಮುಂದೆಯೇ ಪರೀಕ್ಷೆ

ಸಮತಟ್ಟಾದ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಹಾಕಿ, ಗೇರನ್ನು ನ್ಯೂಟ್ರಲಿಗೆ ತನ್ನಿ. ಎಂಜಿನ್ ಆಫ್ ಇರುವಾಗ ಪೆಡಲ್ ಬಿಗಿಯಾಗುವವರೆಗೆ ನಾಲ್ಕೈದು ಸಲ ಒತ್ತಿ, ಕಾಲನ್ನು ಒತ್ತಿದಂತೆಯೇ ಇಟ್ಟು ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರಿಗೆ ವ್ಯಾಕ್ಯೂಮ್ ಬರುತ್ತಿದೆ. ಇಳಿಯದಿದ್ದರೆ ಪೈಪು, ವಾಲ್ವ್, ಪಂಪು, ಬೂಸ್ಟರ್, ಇವುಗಳಲ್ಲೊಂದು ಕೆಟ್ಟಿದೆ. ಆಮೇಲೆ ಎಂಜಿನ್ ಒಂದೆರಡು ನಿಮಿಷ ಓಡಲಿ. ಪೆಡಲ್ ಒತ್ತಿ ಹಿಡಿದೇ ಆಫ್ ಮಾಡಿ, 30 ಸೆಕೆಂಡ್ ಕಾಯಿರಿ. ಪೆಡಲ್ ಕಾಲನ್ನು ಮೇಲಕ್ಕೆ ತಳ್ಳಿದರೆ ವ್ಯಾಕ್ಯೂಮ್ ಸೋರುತ್ತಿದೆ. ಎಂಜಿನ್ ಓಡುತ್ತಿರುವಾಗ ಪೆಡಲ್ ಒತ್ತಿ ಹಿಡಿದಷ್ಟು ಹೊತ್ತೂ ‘ಸುಸ್’ ಎನ್ನುವ ಸದ್ದು ನಿಲ್ಲದೆ ಎಂಜಿನ್ ಒದ್ದಾಡಿದರೆ ಡಯಾಫ್ರಾಂ ಹರಿದಿರುವ ಸಾಧ್ಯತೆ ಹೆಚ್ಚು.

ಈ ಪರೀಕ್ಷೆಗಳಲ್ಲಿ ಎಲ್ಲವೂ ಸರಿಯಿದ್ದು ಕಾರು ಮಾತ್ರ ಸರಿಯಾಗಿ ನಿಲ್ಲದಿದ್ದರೆ ಚಕ್ರದ ಕಡೆ ನೋಡಿಸಿ: ಕಾವಿಗೆ ಹೊಳಪೇರಿದ ಪ್ಯಾಡು, ಧೂಳು ತುಕ್ಕು ಸೇರಿ ಹಿಡಿದುಕೊಂಡ ಕ್ಯಾಲಿಪರ್ ಪಿನ್ನು.

ಗ್ಯಾರೇಜಿನಲ್ಲಿ ‘ಬ್ರೇಕ್ ಆಯಿಲ್ ನೋಡಿ’ ಎನ್ನುವ ಬದಲು ‘ಸ್ಟಾರ್ಟ್ ಮಾಡಿದರೂ ಪೆಡಲ್ ಇಳಿಯುತ್ತಿಲ್ಲ, ಮೊದಲು ವ್ಯಾಕ್ಯೂಮ್ ಚೆಕ್ ಮಾಡಿ’ ಎಂದು ಹೇಳಿ. ಪೆಡಲ್ ಇಳಿಯದ ಕಾರನ್ನು ಗ್ಯಾರೇಜಿನವರೆಗೂ ಓಡಿಸಬೇಡಿ. ಮೆಕ್ಯಾನಿಕ್‌ನನ್ನು ಮನೆಗೆ ಕರೆಸಿ, ಇಲ್ಲವೇ ಗಾಡಿಯನ್ನು ಹೇರಿಸಿ ಕಳಿಸಿ.