ಸರ್ವರ್‌ಗೆ ಬೀಗ ಬಿದ್ದರೆ ಬ್ಯಾಕಪ್ಪೇ ಕೀಲಿಕೈ

ಗಡಹಿಂಗ್ಲಜ: ‘ಇವತ್ತ ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ’ ಎಂಬ ಉತ್ತರ ಗಡಿಭಾಗದ ಸಹಕಾರಿ ಬ್ಯಾಂಕು, ಪತಸಂಸ್ಥೆಗಳ ಗ್ರಾಹಕರಿಗೆ ಹೊಸದಲ್ಲ. ಆದರೆ 2024ರ ಜುಲೈ ಕೊನೆಯಲ್ಲಿ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಯುಪಿಐ, ಎಟಿಎಂ ವ್ಯವಹಾರ ನಿಂತಿದ್ದು ರ‍್ಯಾನ್ಸಮ್‌ವೇರ್‌ನಿಂದ. ಸಹಕಾರಿ, ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಕಂಪನಿ ದಾಳಿಗೆ ಒಳಗಾಗಿತ್ತು. ಸೋಂಕು ಹರಡದಂತೆ ರಾಷ್ಟ್ರೀಯ ಪಾವತಿ ನಿಗಮ ಅದರ ಸಂಪರ್ಕ ಕಡಿದು, ತಪಾಸಣೆಯ ನಂತರ ಆಗಸ್ಟ್ 1ರಂದು ಮರುಜೋಡಿಸಿತು.

ಅಪರಿಚಿತ ಇ-ಮೇಲ್‌, ಕಳುವಾದ ಪಾಸ್‌ವರ್ಡ್, ಅಪ್‌ಡೇಟ್ ಮಾಡದ ಸಾಫ್ಟ್‌ವೇರ್ ಮೂಲಕ ಇದು ಒಳನುಸುಳುತ್ತದೆ. ಲೆಕ್ಕದ ಕಡತಗಳಿಗೆಲ್ಲ ಬೀಗ ಹಾಕಿ, ಕೀಲಿಗೆ ಹಣ ಕೇಳುತ್ತದೆ.

ಸಣ್ಣ ಕಚೇರಿಗೂ ಉಪಾಯ ಅದೇ. ಮೊದಲು ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ಬಂದ್ ಮಾಡಬೇಕು. ಆಂಟಿವೈರಸ್ ವೈರಸ್ಸನ್ನು ತೆಗೆದೀತು, ಬೀಗ ತೆಗೆಯದು. ಕೆಲವು ಬಗೆಗಳಿಗೆ ಮಾತ್ರ ‘ನೋ ಮೋರ್ ರ‍್ಯಾನ್ಸಮ್’ ಯೋಜನೆಯಲ್ಲಿ ಉಚಿತ ಕೀಲಿ ಸಿಗುತ್ತದೆ. ಉಳಿದಂತೆ ಡಿಸ್ಕ್ ಅಳಿಸಿ, ಪಾಸ್‌ವರ್ಡ್‌ಗಳನ್ನು ಬದಲಿಸಿ, ಬ್ಯಾಕಪ್‌ನಿಂದ ಲೆಕ್ಕ ಮರಳಿ ತುಂಬಬೇಕು. ‘ರೊಕ್ಕ ಕೊಟ್ಟರ ಬಿಡ್ತಾರ’ ಎಂಬ ಖಾತ್ರಿಯಿಲ್ಲ. ಸಹಾಯವಾಣಿ 1930ಕ್ಕೆ ದೂರು ಕೊಡಬಹುದು.

ಬ್ಯಾಕಪ್ ಡಿಸ್ಕನ್ನು ಸದಾ ಸರ್ವರ್‌ಗೆ ಜೋಡಿಸಿಟ್ಟರೆ ಅದಕ್ಕೂ ಬೀಗ ಬೀಳುತ್ತದೆ. ದಿನದ ಪ್ರತಿ ತೆಗೆದು, ಡಿಸ್ಕ್ ಕಳಚಿ ತಿಜೋರಿಯಲ್ಲಿಟ್ಟರೆ ಠೇವಣಿದಾರರ ಲೆಕ್ಕ ಉಳಿಯುತ್ತದೆ.