ಅರ್ಬುದದ ಮದ್ದು ಮತ್ತು ಸಹ್ಯಾದ್ರಿಯ ಮರ

ಸಹ್ಯಾದ್ರಿಯ ಕಾಡುಗಳಲ್ಲಿ ದುರ್ವಾಸನೆಯ ಮರವೆಂಬ ಸಣ್ಣ ಮರವೊಂದುಂಟು. ಅದರ ಹೂವಿನ ನಾತವೇ ಆ ಹೆಸರಿಗೆ ಕಾರಣ. ಹೆಸರು ಹೇಗೇ ಇರಲಿ, ಅರ್ಬುದ ಅಥವಾ ಕ್ಯಾನ್ಸರ್ ಎಂಬ ಘೋರವ್ಯಾಧಿಗೆ ಮದ್ದಿನ ಮೂಲವಾದ ಕ್ಯಾಂಪ್ಟೋಥೆಸಿನ್ ಎಂಬ ದ್ರವ್ಯವು ಅದರಲ್ಲಿರುವುದೆಂಬುದನ್ನು ನಮ್ಮ ವಾಚಕರಲ್ಲಿ ಅನೇಕರು ಅರಿತಿರಲಾರರು.

ಈ ದ್ರವ್ಯವು ಮೊದಲು ದೊರೆತುದು ಚೀನದೇಶದ ಒಂದು ಮರದಲ್ಲಿ. ಅಮೆರಿಕೆಯಲ್ಲಿ ಮನ್ರೋ ವಾಲ್ ಎಂಬವರೂ, ಖಾನದೇಶದ ನಂದುರಬಾರದಲ್ಲಿ ಜನಿಸಿದ ಮನಸುಖ ವಾಣಿಯವರೂ ಕೂಡಿ ಅದರ ಸ್ವರೂಪವನ್ನು ೧೯೬೬ನೆಯ ಇಸವಿಯಲ್ಲಿ ಪ್ರಕಟಪಡಿಸಿದರು. ೧೯೭೨ರಲ್ಲಿ ಗೋವಿಂದಾಚಾರಿ, ವಿಶ್ವನಾಥನ್ ಎಂಬ ನಮ್ಮ ದೇಶದ ರಸಾಯನಶಾಸ್ತ್ರಜ್ಞರು ಸಹ್ಯಾದ್ರಿಯ ಮರದಲ್ಲಿಯೂ ಅದಿರುವುದನ್ನು ತೋರಿಸಿಕೊಟ್ಟರು.

ಅದು ಕೆಲಸಮಾಡುವ ಬಗೆಯು ೧೯೮೫ರಲ್ಲಿ ತಿಳಿದುಬಂದಿತು. ಜೀವಕೋಶದೊಳಗೆ ವಂಶಗುಣಗಳನ್ನು ಹೊತ್ತ ಡಿ.ಎನ್.ಎ. ಎಂಬ ಎರಡೆಳೆಯ ಹುರಿಯಿರುವುದು. ಕೋಶವು ಇಬ್ಭಾಗವಾಗುವುದಕ್ಕೆ ಮುನ್ನ ಈ ಹುರಿಯು ಬಿಚ್ಚಿ ನಕಲಾಗಬೇಕು. ಹಗ್ಗದ ಎಳೆಗಳನ್ನು ಒಂದು ತುದಿಯಿಂದ ಬಿಡಿಸುತ್ತ ಹೋದರೆ ಮುಂದಿನ ಭಾಗವು ಬಿಗಿದುಕೊಳ್ಳುವುದಷ್ಟೆ. ಆ ಬಿಗಿತವನ್ನು ಸಡಿಲಿಸಲು ಟೋಪೋಐಸೋಮರೇಸ್ ಎಂಬ ಕಿಣ್ವವು ಒಂದೆಳೆಯನ್ನು ಕತ್ತರಿಸಿ, ಹುರಿಯನ್ನು ತಿರುಗಗೊಟ್ಟು, ಮರಳಿ ಬೆಸೆಯುವುದು. ಕ್ಯಾಂಪ್ಟೋಥೆಸಿನ್ನು ಆ ಕತ್ತರಿಯ ಸ್ಥಳದಲ್ಲಿ ಬೆಣೆಯಂತೆ ಸೇರಿ ಬೆಸುಗೆಯನ್ನು ತಡೆಯುವುದು. ನಕಲಿನ ಕಾರ್ಯವು ಅಲ್ಲಿಗೆ ಬಂದು ತಾಗಿದೊಡನೆ ಎರಡೆಳೆಯೂ ಹರಿದು ಕೋಶವು ಸಾಯುವುದು. ಎಡೆಬಿಡದೆ ವಿಭಜಿಸುವ ಅರ್ಬುದಕೋಶಗಳಿಗೆ ಈ ಪೆಟ್ಟು ಹೆಚ್ಚು. ಆದರೆ ರಕ್ತವನ್ನು ಹುಟ್ಟಿಸುವ ಮಜ್ಜೆಗೂ ಕರುಳಿನ ಒಳಪೊರೆಗೂ ಅದು ತಪ್ಪಿದ್ದಲ್ಲ.

ಮೊದಲ ಪ್ರಯೋಗಗಳಲ್ಲಿ ರೋಗಿಗಳ ಮೂತ್ರಕೋಶಕ್ಕೆ ತೀವ್ರವಾದ ಹಾನಿಯುಂಟಾದುದರಿಂದ ಅದನ್ನು ಕೈಬಿಡಬೇಕಾಯಿತು. ಬಳಿಕ ಅದನ್ನೇ ಮಾರ್ಪಡಿಸಿ ಸಿದ್ಧಗೊಳಿಸಿದ ಟೋಪೋಟೆಕಾನ್, ಇರಿನೋಟೆಕಾನ್ ಎಂಬ ಔಷಧಗಳಿಗೆ ೧೯೯೬ರಲ್ಲಿ ಅಮೆರಿಕೆಯ ಸರಕಾರವು ಒಪ್ಪಿಗೆಯಿತ್ತಿತು. ಮೊದಲನೆಯದು ಅಂಡಾಶಯದ, ಎರಡನೆಯದು ದೊಡ್ಡಕರುಳಿನ ಅರ್ಬುದಕ್ಕೆ ಉಪಯೋಗವಾಗುತ್ತಿರುವುದು. ವೈದ್ಯರ ಕಣ್ಗಾವಲಿನಲ್ಲಿಯೇ ಕೊಡತಕ್ಕ ಉಗ್ರ ಔಷಧಗಳಿವು. ಮರದ ತೊಗಟೆಯನ್ನು ಕುದಿಸಿ ಕುಡಿಯುವ ಸಾಹಸವು ಪ್ರಾಣಕ್ಕೇ ಮುಳುವಾದೀತು.

ಔಷಧಕ್ಕೆ ಬೇಡಿಕೆ ಬಂದುದೇ ಮರಕ್ಕೆ ಕೇಡಾಯಿತು. ಬೇರಿನಲ್ಲಿಯೂ ಕಾಂಡದಲ್ಲಿಯೂ ದ್ರವ್ಯವಿರುವುದರಿಂದ ಮರಗಳನ್ನು ಬುಡಸಹಿತ ಕಿತ್ತು ಹೊರದೇಶಗಳಿಗೆ ಸಾಗಿಸಿದರು. ಹಿಂದೆ ಹೇರಳವಾಗಿದ್ದ ಎಡೆಗಳಲ್ಲಿ ಅದು ವಿರಳವಾಗಿರುವುದು. ಮರದೊಳಗಿನ ದ್ರವ್ಯವು ರೋಗಿಯ ಮದ್ದಾಗಲು ೩೦ ವರ್ಷ ಹಿಡಿಯಿತು. ಮರವನ್ನು ಕಡಿಯಲು ಅರ್ಧ ಗಂಟೆ ಸಾಕು. ಕಾಡಿನಲ್ಲಿ ಉಳಿದಿರುವುದನ್ನು ಅರಣ್ಯಾಧಿಕಾರಿಗಳು ಕಾಯಬೇಕು. ಔಷಧಕ್ಕೆ ಬೇಕಾದುದನ್ನು ತೋಟಗಳಲ್ಲಿ ಬೆಳೆಸಲು ರೈತರಿಗೆ ನೆರವು ದೊರೆಯಬೇಕು. ಮುಂದಿನ ರೋಗಿಗಳ ಹಿತವೂ ಇದರಲ್ಲಿಯೇ ಇರುವುದು.